ಎದೆಯ ಮೇಲಿನ ಓಕ್ ಮರ

"ಟೋಪಿ ತೆಗೆದು ಒಳಗೆ ಬಾ, ಇಲ್ಲಾಂದ್ರೆ ಟೋಪಿ ಜೊತೆ ಹೊರಗಿರು. ಎರಡರಲ್ಲಿ ಒಂದು," ಎಂದಳು ಆಲ್ಬಿನಾ ವ್ರಾನಾ.

ಹ್ಯೂಬರ್ಟ್ ಕೊಪೆಕಿ ಬಾಗಿಲಲ್ಲೇ ನಿಂತ. ಅವನ ಟೋಪಿಯ ಮುಂಭಾಗದಲ್ಲಿ 'ಹೊಸ ತೆರಿಗೆ ಬೇಡ' ಎಂದು ಕೆಂಪು ಅಕ್ಷರಗಳಲ್ಲಿ ಬರೆದಿತ್ತು.

"ಬಿಸಿಲಿಗೆ ಹಾಕ್ಕೊಂಡಿದೀನಿ ಕಣೇ."

"ಬೆಳಗ್ಗೆ ಏಳು ಗಂಟೆಗೆ ಯಾವ ಬಿಸಿಲೋ?"

ಆಲ್ಬಿನಾಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಿಲ್ಟನ್ ಕೊಪೆಕಿ ಕಾಫಿ ಲೋಟ ಕೆಳಗಿಟ್ಟ. ಅವನು ಹ್ಯೂಬರ್ಟನ ಅಣ್ಣ. "ತೆಗಿಯೋ ಮಾರಾಯ. ಇವಳ ಹತ್ರ ವಾದ ಮಾಡಿ ಗೆದ್ದೋರು ಈ ಊರಲ್ಲಿ ಯಾರೂ ಇಲ್ಲ. ನಮ್ಮ ಪಾದ್ರಿಗಳನ್ನೇ ಕೇಳು, ಕಾರಿನ ಹಿಂದೆ ಪ್ರಚಾರದ ಚೀಟಿ ಅಂಟಿಸಿದ್ರು ಅಂತ ಅವರ ಕಾರನ್ನೇ ಅವರ ಚರ್ಚಿಂದ ಆಚೆ ಕಳಿಸಿದ್ಲು."

ಸಾಲಿನಲ್ಲಿ ನಿಂತವರು ನಕ್ಕರು. ಹ್ಯೂಬರ್ಟ್ ಗೊಣಗುತ್ತ ಟೋಪಿಯನ್ನು ಮಡಚಿ ಹಿಂದಿನ ಜೇಬಿಗೆ ತುರುಕಿಕೊಂಡು ಮತಪತ್ರಕ್ಕೆ ಕೈ ಚಾಚಿದ.

ಮಿಲ್ಟನ್ ಹೇಳಿದ್ದು ಸುಳ್ಳಲ್ಲ. ಮೊರಾವ್ಕಾದ ಚರ್ಚಿನ ಈ ಸಭಾಂಗಣ ಮತಗಟ್ಟೆಯಾಗುವ ದಿನ ಅಲ್ಲಿ ಆಲ್ಬಿನಾಳ ಮಾತೇ ಕೊನೆ. ಇಪ್ಪತ್ತೆರಡು ವರ್ಷಗಳಿಂದ ಅವಳೇ ಮತಗಟ್ಟೆಯ ಮುಖ್ಯಾಧಿಕಾರಿ. ಗಂಡ ಬೇಲಿ ಅಳೆಯಲು ಇಟ್ಟುಕೊಂಡಿದ್ದ ಉದ್ದನೆಯ ಟೇಪು ಹಿಡಿದು, ಬಾಗಿಲಿನಿಂದ ನೂರಡಿ ಅಳೆದು, ಅಲ್ಲೊಂದು ಹಲಗೆ ನೆಡುತ್ತಿದ್ದಳು. ಆ ಹಲಗೆಯ ಈಚೆಗೆ ಮತಪತ್ರದ ವಿಷಯದ ಪರವಾಗಲಿ ವಿರೋಧವಾಗಲಿ ಏನನ್ನಾದರೂ ಹೇಳುವ ಟೋಪಿ, ಅಂಗಿ, ಬಿಲ್ಲೆ ಯಾವುದೂ ಬರಕೂಡದು. ಟೆಕ್ಸಸ್ಸಿನ ಕಾನೂನು ಅದು. ಬೇರೆ ಊರುಗಳಲ್ಲಿ ಅದನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತಾರೋ ಗೊತ್ತಿಲ್ಲ. ಇಲ್ಲಿ ಮಾತ್ರ ಅಕ್ಷರಶಃ ನಡೆಯುತ್ತಿತ್ತು, ಊರಿಗೂ ಒಳಗೊಳಗೇ ಅದರ ಬಗ್ಗೆ ಹೆಮ್ಮೆಯಿತ್ತು.

ಮೇ ತಿಂಗಳ ಆ ಶನಿವಾರ ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಊರಿನ ಆಸ್ಪತ್ರೆಗಾಗಿ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಬಹುದೇ, ಬೇಡವೇ? ಬೇಡ ಅಂದರೆ ಆಗಸ್ಟ್ ಕೊನೆಗೆ ಬೀಗ ಹಾಕುತ್ತೇವೆ ಎಂದು ಆಸ್ಪತ್ರೆಯ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು. ಮಿಲ್ಟನ್ ತೆರಿಗೆಯ ವಿರುದ್ಧ ಪತ್ರಿಕೆಗೆ ಕಾಗದ ಬರೆದವನು, ತನ್ನ ಹುಲ್ಲುಗಾವಲಿನ ಉದ್ದಕ್ಕೂ ಫಲಕ ನೆಟ್ಟವನು. ಅವನು ಆ ಪಕ್ಷ, ಇವಳು ಈ ಪಕ್ಷ. ಮೇಜಿನ ಹಿಂದೆ ಎರಡೂ ಕಡೆಯವರು ಇರಬೇಕೆಂಬ ನಿಯಮದಿಂದಾಗಿ ಇಬ್ಬರೂ ಎಷ್ಟೋ ಚುನಾವಣೆಗಳನ್ನು ಅಕ್ಕಪಕ್ಕ ಕೂತು, ಒಂದೇ ಡಬ್ಬದ ಕೊಲಾಚೆ ಸಿಹಿಬನ್ನು ತಿಂದುಕೊಂಡು ಕಳೆದಿದ್ದರು.

ಆಲ್ಬಿನಾಳ ಗಂಡ ಲೆನರ್ಡನ ಮೂತ್ರಪಿಂಡಗಳೆರಡೂ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಅದು ಬಿಟ್ಟರೆ ಹತ್ತಿರದ್ದು ಎಪ್ಪತ್ತು ಮೈಲಿ ದೂರ. "ನಾನು ಅಷ್ಟು ದೂರ ಹೋಗಲ್ಲ ಆಲ್ಬಿನಾ," ಎಂದು ಲೆನರ್ಡ್ ಚಳಿಗಾಲದಲ್ಲೇ ಹೇಳಿಬಿಟ್ಟಿದ್ದ. "ಹೋಗೋದು, ಮಲಗೋದು, ಬರೋದು. ವಾರಕ್ಕೆ ಮೂರು ಸಲ. ನನ್ನಲ್ಲಿ ಅಷ್ಟು ಇಲ್ಲ. ಇಲ್ಲಿ ನಿಂತ್ಹೋದ್ರೆ ನಾನೂ ನಿಲ್ಲಿಸ್ತೀನಿ." ನಿಲ್ಲಿಸಿದರೆ ಎರಡು ವಾರ, ಹೆಚ್ಚೆಂದರೆ. ಡಾಕ್ಟರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಲೆನರ್ಡ್ ಆಡಿದ ಮಾತಿನಿಂದ ಹಿಂದೆ ಸರಿಯುವ ಆಸಾಮಿಯಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೇ?

ಏಳೂವರೆಯ ಹೊತ್ತಿಗೆ ಆಸ್ಪತ್ರೆಯ ವ್ಯಾನು ಬಂತು. ರಾತ್ರಿ ಪಾಳಿ ಮುಗಿಸಿದ ಒಂಬತ್ತು ಜನ ಇಳಿದರು. ಕಣ್ಣು ಕೆಂಪಗಾಗಿದ್ದರೂ ಹುರುಪಿನಲ್ಲಿದ್ದರು. ಎಲ್ಲರಿಗಿಂತ ಮುಂದೆ ಯೋಲಂಡಾ ತ್ರೆವಿನ್ಯೋ. ಲೆನರ್ಡನ ತೋಳಿಗೆ ಸೂಜಿ ಚುಚ್ಚುತ್ತಿದ್ದವಳು ಅವಳೇ. ಜನ ಸಾಲದೆ ಎರಡು ವಾರದಿಂದ ರಾತ್ರಿ ಪಾಳಿಯನ್ನೂ ಮಾಡುತ್ತಿದ್ದಳು.

"ಗುಡ್ ಮಾರ್ನಿಂಗ್ ಮಿಸ್ ಆಲ್ಬಿನಾ! ನೋಡಿ, ಎಲ್ರನ್ನೂ ಹಿಡ್ಕೊಂಡು ಬಂದಿದೀನಿ. ಮನೆಗೆ ಹೋದ್ರೆ ಮಲಗಿಬಿಡ್ತಾರೆ ಅಂತ ಒಬ್ಬರನ್ನೂ ಬಿಡಲಿಲ್ಲ."

ಆಲ್ಬಿನಾ ನಕ್ಕಳು. ನಗುತ್ತಿರುವಾಗಲೇ ಅವಳ ಕಣ್ಣು ಯೋಲಂಡಾಳ ನೀಲಿ ಸಮವಸ್ತ್ರದ ಮೇಲೆ ಬಿತ್ತು. ಎಡ ಎದೆಯ ಮೇಲೆ, ಎರಡು ಅಂಗೈಗಳ ನಡುವೆ ಹರಡಿದ ಓಕ್ ಮರ. ಅದು ಆಸ್ಪತ್ರೆಯ ಗುರುತು. ಎಷ್ಟೋ ವರ್ಷಗಳಿಂದ ಆ ಮರ ಆ ಎದೆಗಳ ಮೇಲಿತ್ತು, ಯಾರಿಗೂ ಅದರಿಂದ ತೊಂದರೆಯಿರಲಿಲ್ಲ. ಆದರೆ ಎರಡು ತಿಂಗಳಿಂದ ಅದೇ ಮರ, ಅದೇ ಅಂಗೈಗಳು ಊರಿನ ಅರ್ಧ ಅಂಗಳಗಳಲ್ಲಿ ನೆಟ್ಟ ಫಲಕಗಳ ಮೇಲೆ, ಕೆಳಗೆ 'ಹೌದು ಎನ್ನಿ' ಎಂಬ ಬರಹದೊಂದಿಗೆ ನಿಂತಿದ್ದವು. 'ಆಸ್ಪತ್ರೆ ಉಳಿಸಿ' ಸಮಿತಿಯ ಸಭೆಯಲ್ಲಿ ಹೊಸ ಚಿತ್ರ ಬರೆಸುವ ಮಾತು ಬಂದಾಗ, "ಹೊಸದ್ಯಾಕ್ರೀ? ಆ ಮರವನ್ನೇ ಹಾಕಿ. ಹುಟ್ಟಿದ ಮಗುವಿಗೂ ಗೊತ್ತು ಅದು," ಎಂದವನು ಲೆನರ್ಡ್. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹಾಗೆ ತಟ್ಟಿದವರಲ್ಲಿ ಒಬ್ಬರಿಗಾದರೂ ಇವತ್ತಿನ ಬೆಳಗು ಹೊಳೆದಿರಲಿಲ್ಲ.

ಆಲ್ಬಿನಾ ಕೈ ಎತ್ತಿದಳು. "ಒಂದ್ನಿಮಿಷ ನಿಲ್ಲಿ," ಎಂದಳು.

ಅವಳು ಮುಂದಿನ ಮಾತು ಹೇಳುವ ಮೊದಲೇ ಮಿಲ್ಟನ್ ಅವಳ ಕಡೆ ವಾಲಿದ. "ಬಿಟ್ಬಿಡು ಆಲ್ಬಿನಾ."

"ಏನ್ ಬಿಡೋದು?"

"ಕೆಲಸದ ಬಟ್ಟೇಲಿ ಬಂದಿದಾರೆ ಪಾಪ. ರಾತ್ರಿಯೆಲ್ಲ ನಿದ್ದೆಗೆಟ್ಟಿದಾರೆ. ನನ್ನ ಕಣ್ಣಿಗೆ ಯಾವ ಮರಾನೂ ಬಿದ್ದಿಲ್ಲ. ನೀನೂ ನೋಡ್ಬೇಡ."

ಅವನು ಜಗಳಕ್ಕೆ ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಈ ಮನುಷ್ಯ ದಯೆ ತೋರಿಸುತ್ತಾನೆಂಬುದಕ್ಕೆ ಅವಳು ಸಿದ್ಧಳಾಗಿ ಬಂದಿರಲಿಲ್ಲ.

"ಈಗ ತಾನೆ ನಿನ್ನ ತಮ್ಮನ ಟೋಪಿ ತೆಗೆಸ್ದೆ."

"ಅವನದು ಬೇರೆ, ಇದು ಬೇರೆ."

"ಯಾಕ್ ಬೇರೆ? ನನ್ನ ಗಂಡನಿಗೆ ಬೇಕಾದ್ದು ಅಂತಾನಾ?"

"ನಾನ್ ಹಾಗಂದ್ನಾ?"

"ನೀನ್ ಅನ್ನಲ್ಲ. ನಾಳೆ ಊರು ಅನ್ನತ್ತೆ. ಲೆನರ್ಡನ ಹೆಂಡ್ತಿ ತನಗೆ ಬೇಕಾದವರನ್ನ ಒಳಗೆ ಬಿಟ್ಕೊಂಡ್ಲು ಅನ್ನತ್ತೆ."

ಲೆನರ್ಡ್ ಗಟ್ಟಿಮುಟ್ಟಾಗಿದ್ದು ದನದ ಹಿಂದೆ ಓಡಾಡಿಕೊಂಡಿದ್ದರೆ ಅವಳು ಅವತ್ತು ಕಣ್ಣು ಮುಚ್ಚಿಕೊಳ್ಳುತ್ತಿದ್ದಳೇನೋ. ತನಗೆ ಅಷ್ಟೊಂದು ಬೇಕಾಗಿದ್ದರಿಂದಲೇ ಅವಳು ನಿಯಮವನ್ನು ಬಿಗಿಯಾಗಿ ಹಿಡಿದಳು. ಅವಳು ಎದ್ದು ಸಾಲಿನ ಮುಂದೆ ಹೋಗಿ ನಿಂತಳು.

"ಯೋಲಂಡಾ, ಆ ಗುರುತು ಇಟ್ಕೊಂಡು ಒಳಗೆ ಬರೋ ಹಾಗಿಲ್ಲ. ಫಲಕದ ಮೇಲಿರೋದು ಅದೇ. ಅಲ್ಲಿ ಬಾತ್‌ರೂಮಿದೆ. ಅಂಗೀನ ತಿರುವಿ ಹಾಕ್ಕೊಂಡು ಬನ್ನಿ, ಅಷ್ಟು ಸಾಕು."

ಯೋಲಂಡಾ ಇನ್ನೂ ನಗುತ್ತಲೇ ಇದ್ದಳು. "ತಮಾಷೆ ಮಾಡ್ತಿದೀರಾ?"

"ಇಲ್ಲ."

"ಮಿಸ್ ಆಲ್ಬಿನಾ, ಇದು ನನ್ನ ಯೂನಿಫಾರ್ಮು. ಹತ್ತೊಂಬತ್ತು ವರ್ಷದಿಂದ ಹಾಕ್ತಿದೀನಿ. ಇದು ಪ್ರಚಾರಾನಾ?"

"ಈ ನೂರಡಿ ಒಳಗೆ, ಇವತ್ತೊಂದಿನ, ಹೌದು."

"ರಾತ್ರಿ ಒಬ್ಬ ಮುದುಕಪ್ಪ ಮೂರು ಸಲ ನನ್ನ ಮೇಲೆ ವಾಂತಿ ಮಾಡಿದಾನೆ. ಒರೆಸ್ಕೊಂಡು ಬಂದಿದೀನಿ, ಬದಲಾಯಿಸೋಕೆ ಇನ್ನೊಂದು ಇರಲಿಲ್ಲ. ಈ ಕಡೇನ ತಿರುವಿ ಮೈಗೆ ತಾಗಿಸ್ಕೊಳ್ಲಾ?"

ಅವರಲ್ಲಿ ನೆಲ ಒರೆಸುವ ಇಬ್ಬರು ಹುಡುಗರು ಬಾತ್‌ರೂಮಿಗೆ ಹೋಗಿ, ಹೊಲಿಗೆ ಹೊರಗೆ ಕಾಣುವಂತೆ ಅಂಗಿ ತಿರುವಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಮತ ಹಾಕಿದರು. ಉಳಿದ ಆರು ಜನ ಯೋಲಂಡಾಳನ್ನು ನೋಡಿದರು. ಅವಳು ಕೂಗಾಡಲಿಲ್ಲ.

"ಆಯ್ತು. ಮನೆಗೆ ಹೋಗಿ ಸ್ನಾನ ಮಾಡಿ ಬೇರೆ ಬಟ್ಟೆ ಹಾಕ್ಕೊಂಡು ಬರೋಣ ಬನ್ರೇ. ಸಂಜೆ ಏಳು ಗಂಟೆವರೆಗೂ ಟೈಮಿದೆಯಲ್ಲ," ಎಂದು ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದಳು. ಬಾಗಿಲ ಹತ್ತಿರ ನಿಂತು, "ಸೋಮವಾರ ಲೆನರ್ಡ್ ಸಾಹೇಬ್ರಿಗೆ ದಪ್ಪ ಸಾಕ್ಸ್ ಹಾಕಿ ಕರ್ಕೊಂಡು ಬನ್ನಿ. ಏಸಿ ಜಾಸ್ತಿಯಾಗಿದೆ," ಎಂದಳು.

ಮಧ್ಯಾಹ್ನ ಲೆನರ್ಡನ ಪಿಕಪ್ ಗಾಡಿ ಬಾಗಿಲ ಮುಂದೆ ನಿಂತಿತು. ನೆರೆಮನೆಯವರು ಓಡಿಸಿಕೊಂಡು ಬಂದಿದ್ದರು. ನಡೆಯಲು ಕಷ್ಟವಾದವರಿಗೆ ಗಾಡಿಗೇ ಮತಪತ್ರ ಒಯ್ದು ಕೊಡುವುದುಂಟು. ಆಲ್ಬಿನಾ ಮತ್ತು ಮಿಲ್ಟನ್ ಇಬ್ಬರೂ ಹೋದರು. ಲೆನರ್ಡ್ ಮತದ ಗುರುತು ಹಾಕುವಾಗ ಮಿಲ್ಟನ್ ಬೇಕೆಂದೇ ಆಚೆ ತಿರುಗಿ ಚರ್ಚಿನ ಗೋಪುರ ನೋಡುತ್ತ ನಿಂತ.

ಲೆನರ್ಡ್ ಮತಪತ್ರ ಮಡಚಿ ಕೊಟ್ಟು ಕೇಳಿದ, "ಯೋಲಂಡಾ ಬಂದಿದ್ಲಾ?"

"ಬಂದಿದ್ಲು."

"ಹಾಕಿದ್ಲಾ?"

"ಬಟ್ಟೆ ಬದಲಾಯಿಸ್ಕೊಂಡು ಬರ್ತಾಳೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆ ಮರ ಹಾಕಿ ಅಂತ ಹೇಳಿದವನು ನಾನೇ ಅಲ್ವಾ," ಎಂದ. ಆಮೇಲೆ, "ಎಷ್ಟು ಜನ?"

"ಏಳು."

"ಬರ್ತಾರೆ ಬಿಡು," ಎಂದು ಕಿಟಕಿಯ ಗಾಜು ಏರಿಸಿಕೊಂಡ.

ಹಗಲು ಪಾಳಿಯವರಿಗೆ ಸುದ್ದಿ ಮುಟ್ಟಿತ್ತು. ಅವರೆಲ್ಲ ಹೂವಿನ ಅಂಗಿ, ಚೌಕಳಿ ಅಂಗಿಗಳಲ್ಲಿ ಬಂದು ಹಾಕಿಹೋದರು. ಬೆಳಗಿನ ಏಳು ಜನರಲ್ಲಿ ಮೂರು ಗಂಟೆಗೆ ಇಬ್ಬರು ಬಂದರು, ಐದಕ್ಕೆ ಒಬ್ಬಳು. ಆಲ್ಬಿನಾ ಮೇಜಿನ ಮೇಲಿನ ಪೆನ್ಸಿಲ್ಲುಗಳನ್ನು ಮತ್ತೆ ಮತ್ತೆ ಸರಿಪಡಿಸುತ್ತ ಬಾಗಿಲನ್ನೇ ನೋಡುತ್ತಿದ್ದಳು. ಫೋನು ಮಾಡಿ ಎಬ್ಬಿಸಬಹುದಿತ್ತು. ಆದರೆ ಮೇಜಿನ ಹಿಂದೆ ಕೂತ ಅಧಿಕಾರಿ ಬಂದು ಮತ ಹಾಕಿ ಎಂದು ಆರಿಸಿ ಆರಿಸಿ ಕರೆಯುವಂತಿಲ್ಲ. ಏಳಕ್ಕೆ ಐದು ನಿಮಿಷವಿದ್ದಾಗ ಹೊರಗೆ ಹೋಗಿ ನಿಂತಳು. ಸಾಲಿನಲ್ಲಿ ಯಾರಾದರೂ ಇದ್ದರೆ ಗಂಟೆ ಮೀರಿದರೂ ಹಾಕಬಹುದು. ಯಾರೂ ಇರಲಿಲ್ಲ. ರಸ್ತೆ ಎರಡೂ ಕಡೆಗೆ ಖಾಲಿ ಬಿದ್ದಿತ್ತು. ಅವಳು ಒಳಗೆ ಬಂದು ಬಾಗಿಲು ಹಾಕಿದಳು.

ಮತಪೆಟ್ಟಿಗೆಯನ್ನು ಚುನಾವಣಾ ಕಚೇರಿಗೆ ಒಪ್ಪಿಸಿ, ಎಣಿಕೆಗೆ ಕಾಯದೆ ಮನೆಗೆ ಹೋದಳು. ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ಮಿಲ್ಟನ್ ಮೆಟ್ಟಿಲ ಹತ್ತಿರ ಕಾದಿದ್ದ. ಗೆದ್ದವನ ಮುಖವಾಗಿರಲಿಲ್ಲ ಅದು.

"ಮೂರು ವೋಟು, ಆಲ್ಬಿನಾ," ಎಂದ.

"ಯಾವ ಕಡೆ?"

ಅವನು ಲೆನರ್ಡನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ. ನಿನ್ನೆ ಬಿಟ್ಬಿಡು ಅಂದಿದ್ದೆ ಎಂದು ಅವನು ನೆನಪಿಸಲಿಲ್ಲ. ನೆನಪಿಸಿದ್ದರೆ ಅವನ ಮೇಲೆ ರೇಗಿಯಾದರೂ ಎದೆ ಹಗುರ ಮಾಡಿಕೊಳ್ಳುತ್ತಿದ್ದಳು. ಬಾರದವರು ನಾಲ್ಕು, ಆಸ್ಪತ್ರೆ ಸೋತದ್ದು ಮೂರರಿಂದ. ಮನೆಯವರೆಗೂ, ಊಟಕ್ಕೆ ಕೂತಾಗಲೂ, ಪಾತ್ರೆ ತೊಳೆಯುವಾಗಲೂ ಅವಳ ತಲೆಯಲ್ಲಿ ಅದು ಬಿಟ್ಟು ಬೇರೇನೂ ಸುಳಿಯಲಿಲ್ಲ. ಲೆನರ್ಡ್ ರೇಡಿಯೋದಲ್ಲಿ ಬೇಸ್‌ಬಾಲ್ ಹಾಕಿಕೊಂಡು ಕೂತ. ಎಪ್ಪತ್ತು ಮೈಲಿಯ ಮಾತನ್ನು ಅವಳು ಎತ್ತಲಿಲ್ಲ. ಅವನ ಉತ್ತರ ಅವಳಿಗೆ ಗೊತ್ತಿತ್ತು.

ಸೋಮವಾರ ಬೆಳಗ್ಗೆ ದಪ್ಪ ಸಾಕ್ಸ್ ಹಾಕಿಸಿ ಕರೆದುಕೊಂಡು ಹೋದಳು. ಯೋಲಂಡಾ ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ಕಾದಿದ್ದಳು. ಎಂದಿನಂತೆ ಲೆನರ್ಡನಿಗೆ ಕುರ್ಚಿ ಒರಗಿಸಿ, ತೋಳಿನ ರಕ್ತನಾಳವನ್ನು ಬೆರಳಲ್ಲಿ ಮುಟ್ಟಿ ನೋಡಿ, ಎರಡು ಸೂಜಿಗಳನ್ನು ಸದ್ದಿಲ್ಲದೆ ಚುಚ್ಚಿದಳು. ಯಂತ್ರ ತಿರುಗತೊಡಗಿತು. ಲೆನರ್ಡನಿಗೆ ಜೊಂಪು ಹತ್ತಿದ ಮೇಲೆ ಅವಳು ಆಲ್ಬಿನಾಳ ಹತ್ತಿರ ಬಂದು ಮೊಣಕಾಲೂರಿ ಕೂತಳು.

"ಮಿಸ್ ಆಲ್ಬಿನಾ, ನನ್ನ ಕ್ಷಮಿಸಿ. ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೆ. ಪಾಪ ಸುಸ್ತಾಗಿದಾಳೆ ಅಂತ ನಮ್ಮತ್ತೆ ಬಂದು ಆಫ್ ಮಾಡಿಬಿಟ್ಟಿದ್ರು. ಎದ್ದಾಗ ಕತ್ತಲಾಗಿತ್ತು." ಅವಳ ದನಿ ಒಡೆಯಿತು. "ನಾನೇ ಕರ್ಕೊಂಡು ವಾಪಸ್ ಹೋಗಿದ್ದು. ಬೇರೆಯವರಿಗೂ ನಾನೇ ಫೋನ್ ಮಾಡ್ತೀನಿ ಅಂದಿದ್ದೆ."

"ಯೋಲಂಡಾ, ನಾನು ನಿನ್ನನ್ನ..."

"ನೀವು ನಿಮ್ಮ ಕೆಲಸ ಮಾಡಿದ್ರಿ. ನಿಮ್ಮದೇನೂ ತಪ್ಪಿಲ್ಲ."

ಬೈದಿದ್ದರೆ ಆಲ್ಬಿನಾ ತಡೆದುಕೊಳ್ಳುತ್ತಿದ್ದಳು. ಅವಳು ಯೋಲಂಡಾಳ ಭುಜದ ಮೇಲೆ ಕೈಯಿಟ್ಟಳು. ಇನ್ನೊಂದು ಮೂಲೆಯಲ್ಲಿ ಯಂತ್ರವೊಂದು ಕೂಗಿತು. ಯೋಲಂಡಾ ಕಣ್ಣೊರೆಸಿಕೊಂಡು ಎದ್ದು ಹೋದಳು.

ನಾಲ್ಕು ಗಂಟೆ ಕಳೆಯಿತು. ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲಲು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಯಾವಾಗಲೂ ಲೆನರ್ಡ್ ತಾನೇ ಹಿಡಿದುಕೊಳ್ಳುತ್ತಿದ್ದ. ಅವತ್ತು ಆಲ್ಬಿನಾ ಅವನ ಕೈ ಸರಿಸಿ, ಹತ್ತಿಯ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದಳು. ಹತ್ತು ನಿಮಿಷವಾಯಿತು, ಹದಿನೈದಾಯಿತು.

"ಸಾಕು ಬಿಡು ಆಲ್ಬಿನಾ," ಎಂದ ಲೆನರ್ಡ್. "ಯಾವಾಗಲೋ ನಿಂತಿದೆ."

ಅವಳು ಹೆಬ್ಬೆರಳು ತೆಗೆಯಲಿಲ್ಲ.