ಕೈಗೆ ಕೇಳುವ ಫೋನು

ಬೆಳಿಗ್ಗೆ ಹತ್ತೂಕಾಲು ಗಂಟೆ. ಕೊಪ್ಪ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಧರ್ಮಪ್ಪ ಇನ್ನೊಂದು ಫೋನನ್ನೂ ಬೇಡವೆಂದು ಪಕ್ಕಕ್ಕೆ ಸರಿಸಿದ.

ಅವನು ಫೋನು ಪರೀಕ್ಷಿಸುವ ರೀತಿಯನ್ನು ಅಂಗಡಿಯ ಯಜ್ಞೇಶ ಅದುವರೆಗೆ ಕಂಡಿರಲಿಲ್ಲ. ಗಾಜಿನ ಕೌಂಟರ್ ಬೇಡವೆಂದು ಗಿರಾಕಿಗಳು ಕೂರುವ ಮರದ ಸ್ಟೂಲಿನ ಮೇಲೆ ಫೋನು ಇಡಿಸಿದ್ದ. ಯಜ್ಞೇಶ ಅದಕ್ಕೆ ಅಂಗಡಿಯ ಸಿಮ್ ಹಾಕಿ ತನ್ನ ಫೋನಿನಿಂದ ಕರೆ ಮಾಡಬೇಕು. ಧರ್ಮಪ್ಪ ಸ್ಟೂಲಿನ ಅಂಚಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

"ನಾಡಿ ನೋಡ್ತೀರ ಮಾರಾಯ್ರೆ? ಜ್ವರ ಇದ್ರೆ ಹೇಳಿ, ಬೇರೆ ಕೊಡ್ತೇನೆ," ಅಂದ ಯಜ್ಞೇಶ.

ಧರ್ಮಪ್ಪ ಕಣ್ಣು ತೆರೆಯಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಪ್ರೇಮಕ್ಕ ಉತ್ತರ ಕೊಟ್ಟಳು. "ಅವ್ರು ಹಂಗೇ. ಎತ್ತು ತಗಳಕ್ಕೆ ಹೋದ್ರೂ ಬೆನ್ನು ಮುಟ್ಟಿ ನೋಡ್ತಾರೆ."

"ಎತ್ತಿಗಾದ್ರೆ ಹಲ್ಲಾದ್ರೂ ಉಂಟು. ಇದಕ್ಕೆ ಬರೀ ಬಟನ್ನು."

ಯಜ್ಞೇಶ ಕಪಾಟಿನಿಂದ ಇನ್ನೊಂದು ತೆಗೆದ. "ಇದು ನೋಡಿ. ಇದು ರಿಂಗ್ ಆದ್ರೆ ಶೃಂಗೇರಿ ಬಸ್ಸಿನ ಕಂಡಕ್ಟರು ವಿಸಿಲ್ ಹಾಕೋದೇ ಮರೀಬೇಕು." ಕೈಯಲ್ಲಿ ಹಿಡಿದೇ ರಿಂಗ್ ಮಾಡಿ ತೋರಿಸಿದ. ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. ಧರ್ಮಪ್ಪ ಮಾತ್ರ ಸ್ಟೂಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಕಾಯುತ್ತಲೇ ಇದ್ದ.

ಯಜ್ಞೇಶ ರಿಂಗ್ ನಿಲ್ಲಿಸಿದ. ಪ್ರೇಮಕ್ಕ ನೆಲ ನೋಡುತ್ತಿದ್ದಳು.

"ವೈಬ್ರೇಷನ್ ಜೋರಿರೋದು ಬೇಕು. ಅಷ್ಟೆ ತಾನೆ?" ಅಂದ ಅವನು, ಸ್ವಲ್ಪ ಮೆತ್ತಗೆ.

"ಅಷ್ಟೆ. ಕ್ಯಾಮೆರಾ, ಹಾಡು ಎಂತದೂ ಬೇಡ. ಎನ್.ಆರ್.ಪುರದಲ್ಲೂ ಸಿಗ್ತಿತ್ತು. ಅಲ್ಲಿ ಎಲ್ರೂ ಗುರುತಿನವ್ರು," ಅಂದಳು ಪ್ರೇಮಕ್ಕ.

ಯಜ್ಞೇಶ ಕೆಳಗಿನ ಅರೆಯಿಂದ ಸೋಪಿನಷ್ಟು ದಪ್ಪನೆಯ, ಕಪ್ಪು ಕೀಪ್ಯಾಡ್ ಫೋನೊಂದನ್ನು ತೆಗೆದ. ತೋಟದ ಕೆಲಸದವರಿಗೆಂದು ತರಿಸಿದ್ದ ಮಾದರಿ ಅದು. ಸ್ಟೂಲಿನ ಮೇಲಿಟ್ಟು ಕರೆ ಮಾಡಿದಾಗ ಮರವೇ ಗುಂಯ್‌ಗುಟ್ಟಿತು. ಧರ್ಮಪ್ಪ ಕಣ್ಣು ತೆರೆದು, ಬೆಳಗಿನಿಂದ ಮೊದಲ ಬಾರಿಗೆ ನಕ್ಕ.

"ಇದು ಕೇಳ್ತದೆ," ಅಂದ.

ಧರ್ಮಪ್ಪ ಭದ್ರಾ ಹಿನ್ನೀರಿನ ಒಂದು ಕಡವಿನಲ್ಲಿ ದೋಣಿ ನಡೆಸುತ್ತಾನೆ. ಈಚೆ ದಡದಲ್ಲಿ ಅವನ ಊರು; ಅಲ್ಲಿಂದ ಎನ್.ಆರ್.ಪುರಕ್ಕೆ ಬಸ್ಸಿದೆ. ಆಚೆ ದಡದಲ್ಲಿ ಕಾಡಿನ ಅಂಚಿನ ಕೆಲವು ಮನೆಗಳು. ನೆಲದ ಮೇಲೆ ಬರುವುದಾದರೆ ಆ ಮನೆಯವರು ಅರ್ಧ ದಿನ ಸುತ್ತಬೇಕು. ಗ್ರಾಮ ಪಂಚಾಯಿತಿ ವರ್ಷ ವರ್ಷವೂ ಕಡವಿನ ಗುತ್ತಿಗೆ ಕೊಡುತ್ತದೆ. ಮೊದಲು ಅವನ ಅಪ್ಪನಿಗಿತ್ತು, ಆಮೇಲೆ ಅವನಿಗೆ ಬಂತು.

ದೋಣಿ ಬೇಕಾದವರು ದಡದಲ್ಲಿ ನಿಂತು ಕೂ ಹಾಕುತ್ತಾರೆ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು 'ಕೂ' ಎಂದು ಎಳೆದರೆ ಅದು ನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಹಗಲಿನಲ್ಲಿ ಟವೆಲ್ ಬೀಸಿದರೂ ಕಂಡೀತು. ಮಾರ್ಗಶಿರದ ಬೆಳಗಿನಲ್ಲಿ ಹಾಗಲ್ಲ. ಹಿನ್ನೀರಿನ ಮೇಲೆ ಮಂಜು ಕೂತರೆ ಎರಡು ದಡವೂ ಇಲ್ಲವಾಗುತ್ತವೆ. ನೀರು ಮುಗಿದು ಆಕಾಶ ಶುರುವಾಗುವ ಜಾಗವೇ ಇರುವುದಿಲ್ಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಬೋಳು ತುದಿಗಳು ಒಂದೊಂದಾಗಿ ಎದುರಿಗೆ ಬಂದು, ಯಾರನ್ನೋ ಹುಡುಕುತ್ತಿರುವವರಂತೆ ನಿಂತು, ಹಿಂದಕ್ಕೆ ಕರಗುತ್ತವೆ. ಧರ್ಮಪ್ಪ ನಡುನೀರಿನಲ್ಲಿ ದೋಣಿ ನಿಲ್ಲಿಸಿಕೊಂಡು ಕಾಯುತ್ತಾನೆ. ಕೂ ಬಂದ ದಿಕ್ಕೇ ಅವನ ದಾರಿ. ಅದರ ಎಳೆತದಲ್ಲೇ ಆಚೆ ದಡದ ಬೈರಪ್ಪನೋ, ಅಂಗನವಾಡಿ ಟೀಚರೋ, ಗೊತ್ತಾಗುತ್ತಿತ್ತು.

ಅವನ ಕಿವಿಯಿಂದ ಮೊದಲು ಹೋದದ್ದು ಜೀರುಂಡೆ. ಆಮೇಲೆ ಪ್ರೇಮಕ್ಕನ ಬಳೆ. ಕೂ ಕೊನೆಗೆ ಹೋಯಿತು, ಅದೂ ಒಮ್ಮೆಲೇ ಅಲ್ಲ. ಒಂದು ಬೆಳಿಗ್ಗೆ ಬಂದು, ಇನ್ನೊಂದು ಬೆಳಿಗ್ಗೆ ಬಾರದೆ. ಶಿವಮೊಗ್ಗದ ಡಾಕ್ಟರು ಕೊಟ್ಟ ಕಿವಿಯ ಮಿಷನ್ ಮನೆಯೊಳಗೆ ಸರಿಯಿತ್ತು. ನೀರಿನ ಮೇಲೆ ಅದರಲ್ಲಿ ಗಾಳಿಯ ಭೋರ್ಗರೆತ ಬಿಟ್ಟು ಏನೂ ಕೇಳಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತಿದ್ದ.

ಹಿಂದಿನ ವಾರ ಪಂಚಾಯಿತಿ ಸದಸ್ಯ ರೇಣುಕಪ್ಪ ಆಚೆ ದಡದಲ್ಲಿ ಗಂಟಲು ಹರಿಯುವಂತೆ ಕೂ ಹಾಕಿ, ಬಸ್ಸು ತಪ್ಪಿಸಿಕೊಂಡಿದ್ದ. ನಿದ್ದೆ ಬಂದಿತ್ತು ಎಂದಿದ್ದ ಧರ್ಮಪ್ಪ. ಶುಕ್ರವಾರದ ಸಭೆಯಲ್ಲಿ ಕಡವನ್ನು ಬೇರೆಯವರಿಗೆ ಕೊಡುವ ವಿಷಯ ಇಡುತ್ತೇನೆಂದು ರೇಣುಕಪ್ಪ ಬೈದು ಹೋಗಿದ್ದ. ಗಂಡ ಹೆಂಡತಿ ಕೊಪ್ಪದ ಬಸ್ಸು ಹತ್ತಿದ್ದು ಅದಕ್ಕೆ. ಮನೆಯಲ್ಲಿ ಸಿಗ್ನಲ್ ಇಲ್ಲ. ನೀರಿನ ಮೇಲೆ ಇದೆ, ಗುಡ್ಡದ ಟವರು ನೇರ ಕಾಣುತ್ತದೆ.

ಮಂಗಳವಾರ ಸಂಜೆ ಧರ್ಮಪ್ಪ ಎರಡೂ ದಡದಲ್ಲಿ ಒಂದೊಂದು ಹಲಗೆ ನಿಲ್ಲಿಸಿ ಫೋನ್ ನಂಬರ್ ಬರೆದ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ದೋಣಿಯ ತಳದ ಹಲಗೆಗೆ ಬಿಗಿದ.

ಬುಧವಾರ ಬೆಳಿಗ್ಗೆ ದಟ್ಟ ಮಂಜಿತ್ತು. ಈಚೆ ದಡಕ್ಕೆ ರೇಣುಕಪ್ಪ ಬಂದಾಗ ಪ್ರೇಮಕ್ಕ ತಿಂಡಿಯ ಡಬ್ಬಿ ಹಿಡಿದು ನಿಂತಿದ್ದಳು. ಅವನು ನಂಬರ್ ನೋಡಿ ಒತ್ತಿದ. ಅತ್ತ ಕರೆ ಎತ್ತಿದ ಕೂಡಲೇ ಫೋನಿನೊಳಗೆ ಉದ್ದಕ್ಕೆ ಕೂ ಹಾಕಿದ.

"ಫೋನಿಗೂ ಕೂ ಹಾಕ್ತೀರಲ್ಲ ಮಾರಾಯ್ರೆ! ಹಲೋ ಅನ್ನಬಾರ್ದಾ?" ಅಂದಳು ಪ್ರೇಮಕ್ಕ.

"ಹಲೋ ಅಂದ್ರೆ ಸಾಲ ಕೇಳೋರು ಅನ್ಕೊಳ್ತಾರೆ. ದೋಣಿಗೆ ಕೂನೇ ಸರಿ."

ನಡುನೀರಿನಲ್ಲಿ ಧರ್ಮಪ್ಪನ ಅಂಗಾಲಿಗೆ ಕರೆ ಬಂದಿತ್ತು. ಮರದೊಳಗೆ ಜೇನುಗೂಡು ಎದ್ದ ಹಾಗೆ. ಎಷ್ಟೋ ದಿನದ ಮೇಲೆ ಯಾರೋ ತನ್ನನ್ನು ಕರೆದರು ಅನ್ನಿಸಿತು. ಬಟನ್ ಒತ್ತಿ, "ಬಂದೆ, ಬಂದೆ," ಎಂದು ಹುಟ್ಟು ಹಾಕಿದ. ಮಂಜು ದಾರಿ ಬಿಟ್ಟುಕೊಟ್ಟು ಹಿಂದೆ ಮುಚ್ಚಿಕೊಂಡಿತು. ದೋಣಿ ತೇಲುತ್ತಿದೆಯೋ ತಾನು ಮಲಗಿ ಕನಸು ಕಾಣುತ್ತಿದ್ದೇನೋ ಎಂಬಷ್ಟು ಹಗುರವಾಗಿ ಹೋಯಿತು.

ದಡದಲ್ಲಿ ನಿಂತವರಿಗೆ ಹುಟ್ಟಿನ ಸದ್ದು ಕೇಳಿತು. ಅದು ಹತ್ತಿರವಾಗಲಿಲ್ಲ, ದೂರ ದೂರ ಹೋಯಿತು.

"ಆಚೆ ಹೊಂಟ," ಅಂದ ರೇಣುಕಪ್ಪ. ಮತ್ತೆ ಕರೆ ಮಾಡಿ, ಈಚೆ ದಡ ಎಂದು ಕೂಗಿ ಹೇಳಿದ. "ಬಂದೆ, ಬಂದೆ," ಎಂಬ ಉತ್ತರವೇ ಬಂತು. ಅವನು ಫೋನು ಕಿವಿಯಿಂದ ತೆಗೆದು ಪ್ರೇಮಕ್ಕನನ್ನು ನೋಡಿದ. "ಪ್ರೇಮಕ್ಕ, ಧರ್ಮಣ್ಣಂಗೆ ಕಿವಿ ಕೇಳಲ್ಲ ಅಲ್ವಾ?"

ಅವಳು ತಿಂಡಿಯ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

ಆಚೆ ದಡ ಖಾಲಿಯಿದ್ದದ್ದು ಕಂಡು ಧರ್ಮಪ್ಪ ತಿರುಗಿ ಬಂದಾಗ ರೇಣುಕಪ್ಪ ಬೈಯಲಿಲ್ಲ. ದೋಣಿ ಹತ್ತಿ, ಎದುರಿಗೆ ಕೂತು, ಬಾಯಿ ಕಾಣುವಂತೆ ನಿಧಾನವಾಗಿ ಕೇಳಿದ. "ಕಿವಿ ಹೋಗಿದೆ ಅಂತ ಯಾಕ್ ಹೇಳ್ಲಿಲ್ಲ ಧರ್ಮಣ್ಣ?"

"ನಿದ್ದೆ ಅಂದ್ರೆ ಬೈತೀರ. ಕಿವುಡ ಅಂದ್ರೆ ಇಳಿಸ್ತೀರ."

"ಜನ ಕೂರೋ ದೋಣಿ. ನಾನು ಮುಚ್ಚಿಡಕ್ಕಾಗಲ್ಲ."

ಧರ್ಮಪ್ಪ ಹುಟ್ಟು ಹಾಕುತ್ತಲೇ ಅಂದ. "ಸಭೆಗೆ ಮೊದ್ಲು, ಶುಕ್ರವಾರ ಬೆಳಿಗ್ಗೆ ಬನ್ನಿ. ಮಂಜಿರ್ತದೆ. ಎರಡು ದಡದಲ್ಲೂ ನಿಂತು ಕರೀರಿ. ಒಂದು ಸಲ ತಪ್ಪಿದ್ರೂ ಹುಟ್ಟು ನಿಮ್ ಕೈಗೇ ಕೊಡ್ತೀನಿ."

ಕರೆ ಯಾವ ದಡದ್ದೆಂದು ಅಂಗಾಲಿಗೆ ತಿಳಿಯುತ್ತಿರಲಿಲ್ಲ; ಹೇಗೆ ತಪ್ಪದೆ ಇರುವುದೆಂದು ಆಗ ಅವನಿಗೆ ಗೊತ್ತಿರಲಿಲ್ಲ. ರೇಣುಕಪ್ಪನನ್ನು ಇಳಿಸಿ ನಡುನೀರಿಗೆ ಬಂದು ಸುಮ್ಮನೆ ಕೂತ. ಮಂಜಿನೊಳಗೆ ಬಿಸಿಲು ಹಾಲಿನಂತೆ ಹರಡುತ್ತಿತ್ತು. ತೇಲಿ ಬಂದ ಕೊರಡೊಂದು ದೋಣಿಯ ಮೂತಿಗೆ ತಾಗಿತು. ಅವನ ಪಾದಕ್ಕೆ ತಿಳಿಯಿತು. ಎಲ್ಲಿಂದಲೋ ಬಂದ ಸಣ್ಣ ಅಲೆ ಹಿಂಬದಿಗೆ ಬಡಿಯಿತು. ಕೂತ ಹಲಗೆಗೆ ತಿಳಿಯಿತು. ಅವನು ಬಹಳ ಹೊತ್ತು ಹಾಗೇ ಕೂತಿದ್ದ. ನೀರು ಒಮ್ಮೆ ಕಾಲಿಗೆ, ಒಮ್ಮೆ ಬೆನ್ನಿನ ಬುಡಕ್ಕೆ ಮಾತಾಡುತ್ತಿತ್ತು.

ಗುರುವಾರ ಅವರಿಬ್ಬರೂ ಮತ್ತೆ ಕೊಪ್ಪದ ಅಂಗಡಿಯಲ್ಲಿದ್ದರು.

"ಮೊನ್ನೆದು ಕೆಟ್ಟೋಯ್ತಾ?" ಯಜ್ಞೇಶ ಗಾಬರಿಯಾದ.

"ಇಲ್ಲ. ಅದರ ಜೋಡಿ ಬೇಕು. ಬೇರೆ ಸಿಮ್ಮು, ಬೇರೆ ನಂಬರು," ಅಂದ ಧರ್ಮಪ್ಪ.

"ಒಬ್ರಿಗೆ ಎರಡು ಫೋನಾ? ಎಂತ, ಜ್ಯೋತಿಷ್ಯ ಹೇಳಕ್ಕೆ ಶುರು ಮಾಡಿದ್ರಾ?"

"ಒಂದು ಕಾಲಿಗೆ," ಅಂದಳು ಪ್ರೇಮಕ್ಕ. "ಇನ್ನೊಂದು ಎಲ್ಲಿಗೆ ಅಂತ ಅಂಗಡೀಲಿ ಹೇಳಕ್ಕೆ ಬರಲ್ಲ."

ಅದೇ ಮಾದರಿಯ ಇನ್ನೊಂದು ಉಳಿದಿತ್ತು, ಬಣ್ಣ ಕೆಂಪು. ಯಜ್ಞೇಶ ಸ್ಟೂಲನ್ನು ತಾನಾಗಿಯೇ ಮುಂದಕ್ಕೆ ಎಳೆದ.

ಅಂದು ಸಂಜೆ ಕಪ್ಪು ಫೋನು ಕಾಲಿಡುವ ಹಲಗೆಯ ಕೆಳಗೆ, ಕೆಂಪು ಫೋನು ಕೂರುವ ಹಲಗೆಯ ಕೆಳಗೆ ಕೂತವು. ಆಚೆ ದಡದಲ್ಲಿ ಕಪ್ಪು ಫೋನಿನ ನಂಬರು ಮಾತ್ರ ಉಳಿಯಿತು. ಈಚೆ ದಡದ ನಂಬರನ್ನು ಧರ್ಮಪ್ಪ ಕೆರೆದು ತೆಗೆದು, ಕೆಂಪು ಫೋನಿನದನ್ನು ಬರೆದ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಬೈರಪ್ಪ ಆಚೆ ದಡದಲ್ಲಿ, ರೇಣುಕಪ್ಪ ಈಚೆ ದಡದಲ್ಲಿ ನಿಂತರು. ಮೊದಲು ಯಾರು ಕರೆಯುವುದೆಂದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಪ್ರೇಮಕ್ಕ ರೇಣುಕಪ್ಪನ ಪಕ್ಕದಲ್ಲಿ, ಸೆರಗು ಹೊದ್ದು, ಏನೂ ಕಾಣದ ನೀರನ್ನು ನೋಡುತ್ತಿದ್ದಳು.

ಧರ್ಮಪ್ಪ ನಡುನೀರಿನಲ್ಲಿದ್ದ. ಮೇಲೆ, ಕೆಳಗೆ, ಸುತ್ತ ಒಂದೇ ಬಿಳುಪು. ದೋಣಿಯೂ ನಿಧಾನವಾಗಿ ತಿರುಗುತ್ತಿದ್ದಿರಬಹುದು, ಹೇಳಲು ಬರುವಂತಿರಲಿಲ್ಲ. ಒಣಗಿದ ಮರದ ತುದಿಯೊಂದು ಹತ್ತಿರ ಬಂತು. ಅದರ ತೊಗಟೆ ಮುಟ್ಟಿ, ತಾನೆಲ್ಲಿದ್ದೇನೆ, ಯಾವ ದಡ ಯಾವ ಕಡೆಗಿದೆ ಎಂದು ತಿಳಿದುಕೊಂಡ. ಆಮೇಲೆ ಎರಡೂ ಪಾದಗಳನ್ನು ಹಲಗೆಗೆ ಊರಿ, ಉಸಿರು ಹಿಡಿದು ಕೂತ. ಬಹಳ ಹೊತ್ತು ಏನೂ ಬರಲಿಲ್ಲ. ಒಮ್ಮೆ ಅಂಗಾಲಿಗೆ ಏನೋ ಬಂದಂತಾಯಿತು. ಅದು ಅವನ ರಕ್ತವೇ.

ಆಮೇಲೆ ಕೂತಲ್ಲಿಗೆ ಬಂತು. ಕೆಳಗಿನಿಂದ, ಜೋರಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ.

ಈಚೆ ದಡದವರಿಗೆ ಹುಟ್ಟಿನ ಸದ್ದು ಕೇಳಿತು. ಅದು ಹತ್ತಿರವಾಯಿತು. ಮಂಜಿನಿಂದ ಮೊದಲು ದೋಣಿಯ ಮೂತಿ ಬಂತು, ಆಮೇಲೆ ಧರ್ಮಪ್ಪ. ರೇಣುಕಪ್ಪನನ್ನು ಹತ್ತಿಸಿಕೊಂಡು ಅರ್ಧ ದಾರಿ ಹೋದಾಗ ಪಾದಕ್ಕೆ ಕರೆ ಬಂತು. ಹಲಗೆ ಗುಂಯ್‌ಗುಟ್ಟಿದ್ದು ಕೇಳಿ, ಧರ್ಮಪ್ಪ ಬಾಯಿ ತೆರೆಯುವ ಮೊದಲೇ, "ಬೈರಪ್ಪ ಅವಸರ ಮಾಡ್ತಿದಾನೆ," ಅಂದ ರೇಣುಕಪ್ಪ.

ಮಧ್ಯಾಹ್ನದ ಸಭೆಯಲ್ಲಿ ಕಡವಿನ ಗುತ್ತಿಗೆಯನ್ನು ಇನ್ನೊಂದು ವರ್ಷ ಧರ್ಮಪ್ಪನಿಗೇ ಕೊಡಲು ತೀರ್ಮಾನವಾಯಿತು. ಎರಡೂ ದಡಕ್ಕೆ ತಗಡಿನ ಬೋರ್ಡು ಹಾಕಿಸಿ, ನಂಬರಿನ ಕೆಳಗೆ 'ಈ ದಡದಿಂದ ಈ ನಂಬರಿಗೆ ಮಾತ್ರ' ಎಂದು ಬರೆಸುವುದೆಂದೂ ಆಯಿತು. ಬೋರ್ಡುಗಳು ಮುಂದಿನ ಬುಧವಾರ ಬಂದವು.