ಎಡಗಣ್ಣಿನ ಚಿತ್ರ

ಅಪ್ಪನ ಬಲಗಣ್ಣಿನ ರೆಟಿನಾ ಪರದೆಗೆ ಆಪರೇಷನ್ ಆಗಿ ಮೂರು ತಿಂಗಳು. ಅಂದಿನಿಂದ ತಿಂಗಳಿಗೊಮ್ಮೆ ಆ ಕಣ್ಣಿನೊಳಗಿನ ರಕ್ತದ ಓಟದ ಚಿತ್ರ ತೆಗೆಯುವವಳು ನಾನೇ. ಆಸ್ಪತ್ರೆಯಲ್ಲಿ ನನ್ನ ಕೆಲಸವೇ ಅದು. ಸೂಜಿಯಿಲ್ಲ, ಔಷಧಿಯಿಲ್ಲ. ಯಂತ್ರದ ಮೇಲೆ ಗದ್ದ ಇಟ್ಟು, ಒಳಗಿನ ಹಸಿರು ಗುರುತನ್ನು ನೋಡುತ್ತ ಕೂತರೆ ಸಾಕು. ಪ್ರತಿ ಸಲವೂ ಎರಡು ಕಣ್ಣಿನದೂ ತೆಗೆಯಬೇಕೆಂಬುದು ನಿಯಮ. ಡಾಕ್ಟರ ಚೀಟಿಯಲ್ಲಿ ಬರೆದಿರುವ ಕಣ್ಣಿನದಷ್ಟೇ ತೆಗೆದು ಸಾಲು ಕರಗಿಸುವುದು ನನ್ನ ಜಾಣತನ.

ಅಪ್ಪ ಗಡಿಯಾರ ರಿಪೇರಿ ಮಾಡುವವರು. ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು ಎಡಗಣ್ಣಿಗೆ. ಬಲಗಣ್ಣು ಕೆಟ್ಟಾಗಲೂ "ದುಡಿಯೋ ಎತ್ತು ಉಳೀತಲ್ಲ, ಬಿಡು" ಎಂದು ನಕ್ಕಿದ್ದರು.

ಇವತ್ತು ಕೂತವರೇ ಕೇಳಿದರು, "ಹಸಿರು ಎಲ್ಲಮ್ಮಾ? ದೀಪ ಹಾಕೋಕೆ ಮರೆತೆಯಾ?"

"ತಮಾಷೆ ಸಾಕಪ್ಪ, ಹೊರಗೆ ಹನ್ನೆರಡು ಜನ ಕಾಯ್ತಿದ್ದಾರೆ. ಅಲ್ಲಾಡ್ಬೇಡಿ" ಎಂದು ಗದರಿ ಗುಂಡಿ ಒತ್ತಿದೆ.

ಚಿತ್ರ ಮೂಡಿತು. ರಕ್ತ ಹರಿಯುವಲ್ಲೆಲ್ಲ ಬೆಳ್ಳಗೆ ಕಾಣಬೇಕಾದ ರಕ್ತನಾಳಗಳ ಬಲೆ ನಟ್ಟನಡುವೆ ಹರಿದುಹೋಗಿತ್ತು; ಅಲ್ಲಿ ಬರೀ ಕಪ್ಪು. ಆಪರೇಷನ್ ಕೈಕೊಟ್ಟಿತು ಅಂದುಕೊಂಡೆ. ಆಮೇಲೆ ಮೂಲೆಯಲ್ಲಿದ್ದ ಪದ ಕಂಡಿತು: ಎಡ. ಹಿಂದಿನ ರೋಗಿಯ ಎಡಗಣ್ಣಿನ ಚಿತ್ರ ತೆಗೆದವಳು ಯಂತ್ರವನ್ನು ಬಲಕ್ಕೆ ಸರಿಸುವುದನ್ನೇ ಮರೆತಿದ್ದೆ.

ಯಂತ್ರ ಸರಿಸಿ ಬಲಗಣ್ಣಿನ ಚಿತ್ರ ತೆಗೆದೆ. "ಹಾಂ, ಈಗ ಕಾಣಿಸ್ತು ಹಸಿರು" ಎಂದರು ಅಪ್ಪ. ಆ ಕಣ್ಣಿನ ಬಲೆ ತುಂಬಿಕೊಂಡಿತ್ತು, ಒಂದೆಳೆಯೂ ಕಡಿದಿರಲಿಲ್ಲ.

ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ರಕ್ತ ನಿಂತಿರೋ ಜಾಗದಲ್ಲಿ ಇನ್ನು ದೃಷ್ಟಿ ಬರಲ್ಲ. ಮೊದಲೇ ಗೊತ್ತಾಗಿದ್ದಿದ್ರೆ ಇಷ್ಟು ಹರಡೋಕೆ ಬಿಡ್ತಿರಲಿಲ್ಲ" ಎಂದು, ಎಡಗಣ್ಣಿನ ಹಳೆಯ ಚಿತ್ರಗಳನ್ನು ಕೇಳಿದರು. ಕೊಡಲು ನನ್ನ ಹತ್ತಿರ ಒಂದೂ ಇರಲಿಲ್ಲ.

ಆಗ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಯಾವಾಗಿಂದ ಹೀಗಿದೆ? ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಎರಡು ತಿಂಗಳಾಯ್ತೇನೋ. ನೋಡ್ತಾ ನೋಡ್ತಾ ಸ್ಕ್ರೂ ಮಾಯವಾಗೋದು" ಎಂದರು ಅಪ್ಪ, ಗದ್ದವನ್ನು ಇನ್ನೂ ಯಂತ್ರದ ಮೇಲೇ ಇಟ್ಟುಕೊಂಡು. "ತಿಂಗಳು ತಿಂಗಳೂ ನೀನೇ ನೋಡ್ತಿದ್ದೆಯಲ್ಲಮ್ಮಾ. ಏನಾದ್ರೂ ಇದ್ದಿದ್ರೆ ನೀನು ಹೇಳ್ತಿರಲಿಲ್ವಾ ಅಂತ ಸುಮ್ನಿದ್ದೆ."