ಅಭ್ಯಾಸದ ವಾರ್ತೆ

ಖಾಸಗಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಪಿಸುಮಾತು ಎಂದು. ಹಾಜರಿ ಕೂಗಿದಾಗ ಅವಳು ಕೊಡುತ್ತಿದ್ದ ಉತ್ತರ ಎರಡನೇ ಬೆಂಚನ್ನೂ ದಾಟುತ್ತಿರಲಿಲ್ಲ. ಅಂಥವಳನ್ನೇ ಮೇಡಂ ವಾರ್ತೆ ಓದಲು ಕೂರಿಸಿದ್ದರು. ಈಜು ಬಾರದವರನ್ನೇ ಮೊದಲು ನೀರಿಗೆ ತಳ್ಳಬೇಕು ಎನ್ನುವುದು ಅವರ ವಾದ.

ಅಂದಿನ ಪಾಠ ತುರ್ತು ಸುದ್ದಿ ಓದುವುದು. ಸುದ್ದಿಯನ್ನು ಅವಳೇ ಕಟ್ಟಿ ತಂದಿದ್ದಳು: ಐಸ್ ಫ್ಯಾಕ್ಟರಿಯಲ್ಲಿ ಗ್ಯಾಸ್ ಸೋರಿದೆ, ಸುತ್ತಲಿನವರು ಕೂಡಲೇ ಮನೆ ಬಿಟ್ಟು ಹೊರಡಬೇಕು. ಬೇರೆ ಜಾಗ ಹೊಳೆಯದೆ ತಮ್ಮ ಗಲ್ಲಿಯ ಹಿಂದಿನ ಫ್ಯಾಕ್ಟರಿಯನ್ನೇ ಬರೆದುಕೊಂಡಿದ್ದಳು. ಅಷ್ಟರಲ್ಲಿ ಮೇಡಂಗೆ ಮೀಟಿಂಗ್‌ನಿಂದ ಕರೆ ಬಂತು. "ರೆಕಾರ್ಡ್ ಮಾಡಿಡಿ, ಬಂದು ಕೇಳ್ತೀನಿ" ಎಂದು ಹೊರಟುಹೋದರು. ಗಾಜಿನಾಚೆ, ಗುಂಡಿಗಳ ಹಲಗೆಯ ಮುಂದೆ ಸಹಪಾಠಿ ಲಂಬು ಕೂತ. ವಿಶ್ವವಿದ್ಯಾಲಯದ ಪುಟ್ಟ ರೇಡಿಯೋ ನಡೆಯುತ್ತಿದ್ದದ್ದೂ ಅದೇ ಕೋಣೆಯಿಂದ. ಅವಳ ಗಲ್ಲಿಯವರೆಗೂ ಕೇಳಿಸುತ್ತಿದ್ದ ಅದರಲ್ಲಿ ಆ ಹೊತ್ತಿಗೆ ಬರೀ ಹಾಡು.

ಓದಲು ತೊಡಗಿದ ಮೇಲೆ ಅವಳಿಗೇ ಆಶ್ಚರ್ಯ. ದನಿ ಗಟ್ಟಿಯಾಗಿ, ದಪ್ಪವಾಗಿ, ಬೇರೆ ಯಾರದೋ ಎಂಬಂತೆ ಹೊರಟಿತು. ಮುಗಿಸಿದಾಗ ಲಂಬು ಹೆಬ್ಬೆರಳೆತ್ತಿದ. ನೀರು ಕುಡಿದು ಮೊಬೈಲ್ ಆನ್ ಮಾಡಿದಳೋ ಇಲ್ಲವೋ, ಅಪ್ಪನ ಫೋನು.

"ಎಲ್ಲಿದ್ದೀಯಮ್ಮಾ? ಮನೆ ಕಡೆ ಬರಬೇಡ! ಗ್ಯಾಸ್ ಸೋರಿದೆಯಂತೆ. ಅಜ್ಜೀನ ಎತ್ಕೊಂಡು ಮೆಟ್ಟಿಲು ಇಳೀತಿದ್ದೀವಿ."

"ಯಾರು ಹೇಳಿದ್ದಪ್ಪಾ?"

"ರೇಡಿಯೋದಲ್ಲಿ ಯಾರೋ ಹೆಂಗಸು ಹೇಳಿದ್ಲು. ಅಯ್ಯೋ, ತಳ್ಳಬೇಡ್ರೋ..." ಫೋನು ಕಟ್ಟಾಯಿತು.

ಹೆತ್ತ ಅಪ್ಪನಿಗೇ ದನಿ ಗುರುತಾಗಿರಲಿಲ್ಲ. ಗಾಜಿನಾಚೆ ಲಂಬುವಿನ ಮುಖ ಸುಣ್ಣ ಬಳಿದಂತಿತ್ತು. ಬಾಗಿಲು ತಳ್ಳಿಕೊಂಡು ಬಂದ.

"ತಪ್ಪು ಗುಂಡಿ ಒತ್ತಿಬಿಟ್ಟೆ ಕಣೇ. ಎಲ್ಲಾ ರೇಡಿಯೋದಲ್ಲಿ ಹೋಗಿಬಿಟ್ಟಿದೆ. ಈಗ ಹಾಡು ಹಾಕಿದ್ದೀನಿ. ಸುಮ್ನಿದ್ದುಬಿಡು. ಗೊತ್ತಾದ್ರೆ ಇಬ್ಬರನ್ನೂ ಒದ್ದು ಓಡಿಸ್ತಾರೆ."

"ಜನ ಓಡ್ತಿದ್ದಾರೆ ಕಣೋ! ಮೈಕ್ ಹಾಕು!"

ಅಪ್ಪನಿಗೆ ಮತ್ತೆ ಮತ್ತೆ ಫೋನು ಮಾಡಿದಳು; ಎತ್ತುವವರಿಲ್ಲ. ಲಂಬು ಹೋಗಿ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಶ್ರೋತೃಗಳೇ, ಕೆಲ ಹೊತ್ತಿನ ಹಿಂದೆ ಪ್ರಸಾರವಾದ ಸುದ್ದಿ ನಿಜವಲ್ಲ ಎಂದು ಸ್ಪಷ್ಟಪಡಿಸುತ್ತಿದ್ದೇವೆ" ಎಂದು ಪಾಠದಲ್ಲಿ ಕಲಿತ ಹಾಗೆಯೇ ಹೇಳಿದಳು. ಅದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು. ತೆರೆದ ಬಾಗಿಲಿನಾಚೆ ರೇಡಿಯೋ ಕೇಂದ್ರದ ಫೋನು ಕಿರುಚಿತು. ಎತ್ತಿದ ಲಂಬುವಿನ ಕಿವಿಯಾಚೆಗೂ ಕೇಳುವಂತೆ ಒಬ್ಬಾತ ಅರಚಿದ: "ಮುಚ್ಚಿಹಾಕೋಕೆ ಮೇಲಿಂದ ಹೇಳಿಸಿದ್ರಾ? ನಮ್ಮ ಮಕ್ಕಳು ಸತ್ರೆ ನೀವು ಬರ್ತೀರಾ?"

ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ವಾರ್ತೆಯ ದನಿ ಬಿಟ್ಟುಹೋಗಿ ತನ್ನದೇ ತೆಳು, ನಡುಗುವ ದನಿ ಬಂತು.

"ಅಪ್ಪಾ, ನಾನು. ಬಸ್ ಡಿಪೋ ಹಿಂದಿನ ಗಲ್ಲಿ ಟೈಲರ್ ಮಗಳು. ಆ ಸುದ್ದಿ ನಾನೇ ಬರೆದದ್ದು, ಕಾಲೇಜಿನ ಪಾಠಕ್ಕೆ. ಗ್ಯಾಸ್ ಸೋರಿಲ್ಲ. ಮಹಡಿ ಮನೆ ಅತ್ತೇ, ಮಕ್ಕಳನ್ನ ಎಳ್ಕೊಂಡು ಓಡಬೇಡಿ. ಅಮ್ಮಾ, ಅಜ್ಜೀನ ಅಲ್ಲೇ ಕೂರಿಸಿ. ಯಾರೂ ತಳ್ಳಾಡಬೇಡಿ, ನಿಮ್ಮ ದಮ್ಮಯ್ಯ."

ಅದನ್ನೇ ಹೇಳಿದಳು, ಮತ್ತೆ ಹೇಳಿದಳು. ಮೇಡಂ ಏದುಸಿರು ಬಿಡುತ್ತ ಓಡಿಬಂದರು. ಮೈಕ್ ಕಿತ್ತುಕೊಳ್ಳುತ್ತಾರೆಂದು ಕಣ್ಣು ಮುಚ್ಚಿಕೊಂಡಳು. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತು, "ನಿಲ್ಲಿಸಬೇಡ" ಎಂದರು. ಕೊನೆಗೆ ಅಪ್ಪನ ಫೋನು ಬಂತು.

"ಕೆಳಗಿನ ಅಂಗಡಿ ರೇಡಿಯೋದಲ್ಲಿ ನಿನ್ನ ದನಿ ಗೊತ್ತಾಯ್ತು. ಜನ ನಿಂತ್ರು. ಆದ್ರೆ ಅಜ್ಜಿ ಮೆಟ್ಟಿಲ ಮೇಲೆ ಬಿದ್ಲು ಕಣಮ್ಮಾ."

ಆಸ್ಪತ್ರೆಯಲ್ಲಿ ಅಜ್ಜಿಯ ಮುಂಗೈಗೆ ಪಟ್ಟಿ ಹಾಕಿದ್ದರು. "ನನ್ನನ್ನ ಬೀಳಿಸೋಕೆ ನೀನು ಇಷ್ಟೆಲ್ಲಾ ಓದಬೇಕಿತ್ತೇನೇ?" ಎಂದು ಅಜ್ಜಿ ನಕ್ಕಳು. ಮೊಮ್ಮಗಳಿಗೆ ನಗು ಬರಲಿಲ್ಲ. ಮಾರನೆಯ ದಿನ ವಿಚಾರಣೆ ಇತ್ತು. ವಿದ್ಯಾರ್ಥಿಗಳನ್ನಷ್ಟೇ ಬಿಟ್ಟುಹೋದದ್ದು ತನ್ನ ತಪ್ಪೆಂದು ಮೇಡಂ ಬರೆದುಕೊಟ್ಟಿದ್ದರೂ ಸೀಟು ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವಳ ಕಣ್ಣು ನೆಟ್ಟಿದ್ದು ಹೊರಗಿನ ಬೆಂಚಿನ ಮೇಲೆ. ಅಲ್ಲಿ ಒಬ್ಬ ಹೆಂಗಸು, ಹಣೆಗೆ ಹೊಲಿಗೆ ಹಾಕಿಸಿಕೊಂಡ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ತಳ್ಳಾಟದಲ್ಲಿ ಬಿದ್ದ ಮಗುವಂತೆ.

"ಹೋಗಬೇಡ, ಹೊಡೆದುಬಿಟ್ಟಾರು" ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವಳು ಹೋದಳು.

"ಆ ಸುದ್ದಿ ಓದಿದ್ದು ನಾನೇ, ಅಕ್ಕಾ."

ಹೆಂಗಸು ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಬಾಯಿಗೆ ಬಂದಂತೆ ಬಯ್ಯತೊಡಗಿದಳು. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. ಹುಡುಗಿ ತಲೆ ತಗ್ಗಿಸದೆ, ಕಣ್ಣೀರೂ ಒರೆಸಿಕೊಳ್ಳದೆ, ಬೈಗುಳ ಮುಗಿಯುವವರೆಗೂ ನಿಂತಿದ್ದಳು.